ಒಂದೂವರೆ ಅಂಗುಲ

ಜೆಪ್ಪುವಿನ ಒಳರಸ್ತೆ. ಹನ್ನೊಂದಕ್ಕೆ
ಮೀನಿನ ಸ್ಕೂಟರು ಹೋದ ಮೇಲೆ ಅಲ್ಲಿ ಸದ್ದೆಂದರೆ
ಯಾರದೋ ಕುಕ್ಕರು, ಯಾರದೋ ಕೆಮ್ಮು.
'ಪ್ರಶಾಂತ ವಾತಾವರಣ' ಎಂದು ಬರೆದಿದ್ದಾನೆ ಬ್ರೋಕರ್ ಇಲ್ಯಾಸ್,
'ಹಳೆ ಕಾಟೇಜು, ವಿಸ್ತರಿಸಿ ನವೀಕರಿಸಿದ್ದು,
ಏಳೂವರೆ ಸೆಂಟ್ಸ್, ಬಾವಿ ಉಂಟು,
ಕಾರು ಗೇಟಿನ ತನಕ ಬರುತ್ತದೆ.'
ಕೊನೆಗೆ, 'ಸ್ಪ್ಲಿಟ್ ಲೆವೆಲ್.'

ಹಾಗೆಂದರೆ ಎಂತ ಮಾರಾಯ, ಕೇಳಿದೆ.
ಹಾಲಿನಿಂದ ಅಡುಗೆಕೋಣೆಗೆ ಒಂದು ಇಳಿತ ಉಂಟಲ್ಲ ಮೇಸ್ತ್ರಿ,
ಅದೇ. ಈಗ ಅದು ಫ್ಯಾಶನ್ನು, ಎಂದ.

ಅದು ಫ್ಯಾಶನ್ನಲ್ಲ. ಅದು ನಾನು.

ಹತ್ತೊಂಬತ್ತು ನನಗಾಗ. ಸ್ವಂತ ಕರಣೆ ಹಿಡಿದ ಮೊದಲ ಕೆಲಸ.
ಹಂಚಿನ ಕಾರ್ಖಾನೆಯಲ್ಲಿ ಒಲೆ ಕಾಯುತ್ತಿದ್ದ ಅವರಪ್ಪ
ಕಟ್ಟಿದ್ದು ಎರಡೇ ಕೋಣೆ, ಮುರಕಲ್ಲಿನ ಗೋಡೆ,
ಮಾಡಿಗೆ ತಾನೇ ಸುಟ್ಟ ಹಂಚು.
ಹಿಂದಕ್ಕೊಂದು ಅಡುಗೆಕೋಣೆ ಬೇಕೆಂದರು ಪೆರ್ಸಿಸ್ ಟೀಚರ್,
ಮೊದಲ ಸಂಬಳದ ಕವರು ಇನ್ನೂ ಒಡೆಯದೆ ಕೈಯಲ್ಲಿತ್ತು.
ಮಟ್ಟ ನೋಡುವ ಪೈಪಿಗೆ ನೀರು ತುಂಬಿದೆ,
ಆ ತುದಿ ನನ್ನ ತಮ್ಮ, ಈ ತುದಿ ನಾನು.
ನಡುವೆ ಗಾಳಿಗುಳ್ಳೆಯೊಂದು ಕೂತದ್ದು
ಇಬ್ಬರಿಗೂ ಕಾಣಲಿಲ್ಲ.
ನೆಲ ಒಣಗಿದ ಮೇಲೆ ಗೊತ್ತಾಯಿತು,
ಒಂದೂವರೆ ಅಂಗುಲ ತಗ್ಗು.

ಮೆಟ್ಟಿಲು ಎನ್ನಲಿಕ್ಕೆ ಕಮ್ಮಿ, ಸಮ ಎನ್ನಲಿಕ್ಕೆ ಹೆಚ್ಚು.
ಎಡವದವರಿಲ್ಲ. ಸಭಾಪಾಲಕರು, ಗ್ಯಾಸಿನವನು,
ಟ್ಯೂಶನ್ನಿನ ಮಕ್ಕಳು,
ಒಂದು ಸಲ ಮೊಟ್ಟೆಯ ಟ್ರೇ ಹಿಡಿದುಕೊಂಡು ನಾನೇ.

ಆಮೇಲೆ ಮನೆ ಬೆಳೆಯಿತು, ನಕ್ಷೆ ಗಿಕ್ಷೆ ಇಲ್ಲದೆ.
ವಾರಕ್ಕೆಂದು ಬಂದ ಚಿಕ್ಕಮ್ಮನ ಮಗಳು ಡೋರ್ಕಸ್
ಹನ್ನೊಂದು ವರ್ಷ ನಿಂತಳು, ಹೊಲಿಗೆ ಮೆಷಿನ್ನಿನ ಸಮೇತ.
ಅವಳಿಗೆ ಪೂರ್ವಕ್ಕೊಂದು ಕೋಣೆ ಎಬ್ಬಿಸಿದೆ.
ಹೊರಗೋಡೆಯ ಕಿಟಕಿ ಒಳಗಿನದಾಯಿತು,
ಈಗಲೂ ಉಂಟು, ಸರಳು ಹಾಗೇ.
ಅದರಲ್ಲಿ ಸೂಜಿ ದಾಟಿದೆ, ಚಾ ದಾಟಿದೆ,
ಎರಡು ವರ್ಷದ ಮುನಿಸಿನಲ್ಲಿ ಬರೀ ಚೀಟಿ ದಾಟಿದೆ.

ಹೋದ ವರ್ಷ ನೆಲವೆಲ್ಲ ಕಿತ್ತು ಟೈಲ್ಸ್ ಹಾಕಿದೆವು.
ಟೀಚರ್, ಈಗಲಾದರೂ ತಗ್ಗು ತುಂಬಿಸುತ್ತೇನೆ,
ಕೂಲಿ ಬೇಡ, ಎಂದೆ.
ಬಂಗುಡೆ ತೊಳೆಯುತ್ತಿದ್ದರು. ತಿರುಗಲಿಲ್ಲ.
"ಬಿಡು ಐತಪ್ಪ. ಕಾಲಿಗೆ ಗೊತ್ತುಂಟು."

ಭಾನುವಾರ ಬಂದರು ಕೊಳ್ಳುವವರು, ಗಂಡ ಹೆಂಡತಿ.
ಮೊಬೈಲಿನಲ್ಲೇ ರಸಮಟ್ಟ ಉಂಟಂತೆ, ನೆಲಕ್ಕಿಟ್ಟು ನೋಡಿದರು.
ಗೋಡೆ ತಟ್ಟಿದರು. ಬಾವಿಗೆ ಇಣುಕಿದರು.
ಮನೆಯೊಳಗೆ ಈ ಕಿಟಕಿ ಯಾಕೆ ಎಂದರು.
ಇಲ್ಯಾಸ್ ವಿವರಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆದು
ಎಡವಿದ.
ಹೆಂಡತಿ ನಕ್ಕಳು. ಅದೇ ನಗುವಿನಲ್ಲಿ
ಎರಡು ಲಕ್ಷ ಇಳಿಸಿದಳು.

ಟೀಚರಿಗೆ ದುಃಖವೇನಿಲ್ಲ. ಗಂಟಲು ಕಟ್ಟಿದ್ದು ನನಗೆ.
"ಮುಖ ಹಾಗೆ ಮಾಡಬೇಡ," ಎಂದರು.
"ಅರವತ್ತೆಂಟು ಮಳೆಗಾಲ ಕಡಲಿನ ಸದ್ದು ಕೇಳಿದ್ದೇನೆ,
ಈ ಮನೆಯ ಯಾವ ಕಿಟಕಿಯಿಂದಲೂ ಕಂಡಿಲ್ಲ.
ನೀನು ಇಷ್ಟು ಕಟ್ಟಿದೆ. ನೀನೂ ತೋರಿಸಲಿಲ್ಲ."

ಈಗ ಏಳನೆಯ ಮಾಳಿಗೆಯಲ್ಲಿ ಫ್ಲ್ಯಾಟು.
ಬಾಲ್ಕನಿಗೆ ಬಂದರೆ ಕೆಳಗೆ ನೇತ್ರಾವತಿ, ಆಚೆಗೆ ಅಳಿವೆ ಬಾಗಿಲು,
ಚೌಕಟ್ಟಿಲ್ಲದ್ದು, ಯಾವ ಮೇಸ್ತ್ರಿಯೂ ಕೂರಿಸದ್ದು.

ಕಪಾಟು ಸಾಗಿಸಲಿಕ್ಕೆ ನಾನೂ ಹೋಗಿದ್ದೆ.
ನೆಲ ನೋಡಿದೆ, ಅಭ್ಯಾಸ.
ಗೋಲಿ ಇಟ್ಟರೆ ಎತ್ತ ಹೋಗಲೆಂದು ತಿಳಿಯದೆ
ಅಲ್ಲೇ ನಿಲ್ಲುವಷ್ಟು ಸಮ.
ಅಡುಗೆಕೋಣೆಯಿಂದ ಟೀಚರ್ ಚಾ ತಂದರು, ಎರಡು ಲೋಟ,
ಬಾಗಿಲಿಗೆ ಬಂದವರು
ಕಾಲೆತ್ತಿದರು
ಒಂದೂವರೆ ಅಂಗುಲ.

ಚಾ ತುಳುಕಿತು. ಇಬ್ಬರೂ ಕಾಣದವರ ಹಾಗೆ
ಕಪಾಟು ಎಲ್ಲಿಡುವುದೆಂದು ಮಾತಾಡಿದೆವು.